ಟ್ರ್ಯಾಕ್ಟರಿನ ಸುಳಿ

ನಮ್ಮ ಮನೆಯ ಹಿಂದಿನ ಹಲಸಿನ ಮರ ಬಿದ್ದದ್ದು ಆಷಾಢದ ಒಂದು ರಾತ್ರಿ. ಅಂಗಳದ ಕಡೆ ಬಿದ್ದಿದ್ದರೆ ಮಾಡಿನ ಹೆಂಚು ಹೋಗುತ್ತಿತ್ತು, ತೋಟದ ಕಡೆ ಬಿದ್ದಿದ್ದರೆ ಫಸಲು ಬಿಡುವ ಅಡಿಕೆ ಮರಗಳು ಹೋಗುತ್ತಿದ್ದವು. ಅಜ್ಜನ ಕಾಲದಿಂದ ನಮ್ಮ ಮನೆಗೆ ಹಪ್ಪಳ, ಹುಳಿ, ಕಡುಬು ಒದಗಿಸಿದ ಮರ. ಸಾಯುವಾಗಲೂ ಮರ್ಯಾದೆ ಬಿಡಲಿಲ್ಲ. ಹಳ್ಳದ ಕಡೆ ಬಿತ್ತು. ಬೆಳಿಗ್ಗೆ ಕೊಡೆ ಹಿಡಿದು ಹೋಗಿ ನೋಡಿದರೆ ದರೆಯಿಂದ ನಲವತ್ತು ಅಡಿ ಕೆಳಗೆ, ನೀರಿಗೆ ಅಡ್ಡವಾಗಿ, ಬೇಸಿಗೆಯಲ್ಲಿ ಕೆರೆಗಿಳಿದ ಎಮ್ಮೆಯ ಹಾಗೆ ಮಲಗಿತ್ತು. ಎಬ್ಬಿಸುವವರು ಯಾರು?

ಹಾಗಂತ ಬಿಡುವ ಹಾಗೂ ಇಲ್ಲ. ಹಲಸಿನ ನಾಟಾ ಕೊಯ್ದಾಗ ಅರಿಸಿನದ ಬಣ್ಣ, ವರ್ಷ ಕಳೆದಂತೆ ಕೆಂಪಾಗುತ್ತ ಹೋಗುತ್ತದೆ. ವೀಣೆಯ ಕೊಡಕ್ಕೂ ಅದೇ, ಮೃದಂಗಕ್ಕೂ ಅದೇ, ದಾರಂದಕ್ಕೂ ಅದೇ. ನಮ್ಮಲ್ಲಿ ವೀಣೆ ನುಡಿಸುವವರಿಲ್ಲ. ಹಿಂಬಾಗಿಲ ದಾರಂದ ಮಾತ್ರ ಲಡ್ಡಾಗಿ ಕೈಯಲ್ಲಿ ಮುಟ್ಟಿದರೆ ಉದುರುತ್ತಿತ್ತು.

ಸುದ್ದಿ ತಿಳಿದು ನಾಟಾ ವ್ಯಾಪಾರದ ಸಾಹೇಬರು ಟೇಪು ಹಿಡಿದು ಬಂದರು. ಕೊಂಬೆ ಬಿಟ್ಟು ಬೊಡ್ಡೆಯ ಸುತ್ತಳತೆ 6 ಅಡಿ, ಉದ್ದ 16 ಅಡಿ. ಸುತ್ತಳತೆಯ ಕಾಲು ಭಾಗ ಒಂದೂವರೆ. ಅದನ್ನು ಅದರಿಂದಲೇ ಗುಣಿಸಿ ಉದ್ದದಿಂದ ಗುಣಿಸಿದರೆ 36 ಘನ ಅಡಿ ಎಂದರು. ಬ್ರಿಟಿಷರ ಕಾಲದ ಲೆಕ್ಕವಂತೆ. ನಾನು ಹೈಸ್ಕೂಲಿನಲ್ಲಿ ಕಲಿತ ಪೈಯನ್ನು ಜೀವನದಲ್ಲಿ ಮೊದಲ ಸಲ ಉಪಯೋಗಿಸಿದೆ. ಹೆಚ್ಚುಕಡಿಮೆ 46 ಬಂತು.

"ಹತ್ತು ಘನ ಅಡಿ ಎಲ್ಲಿ ಹೋಯ್ತು ಸಾಹೇಬ್ರೆ?"

"ದುಂಡಗಿನ ಮರ ಚೌಕ ಮಾಡೋವಾಗ ಮೇಲಿನ ಹಲಗೆ, ಸಿಪ್ಪೆ, ಹೊಟ್ಟು ಎಲ್ಲ ಹೋಗುತ್ತಲ್ಲ ಸ್ವಾಮಿ, ಅದು."

ದಿಮ್ಮಿ ಯಾವ ಗಾತ್ರದ್ದೇ ಇರಲಿ, ಈ ಕಾಲು ಸುತ್ತಿನ ಲೆಕ್ಕದಲ್ಲಿ ನೂರಕ್ಕೆ ಇಪ್ಪತ್ತೊಂದೂವರೆ ಪಾಲು ಮರ ಮಂಗಮಾಯ. ಇಷ್ಟು ಚೊಕ್ಕ ಅನ್ಯಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊಡುವುದಿಲ್ಲ, ಮನೆಗೇ ಬೇಕು ಎಂದೆ. ಸಾಹೇಬರು ಬೇಜಾರು ಮಾಡಿಕೊಳ್ಳದೆ ಕಾಫಿ ಕುಡಿದು, "ಮೊದಲು ಮೇಲೆ ತನ್ನಿ, ಆಮೇಲೆ ಮಾತಾಡುವ" ಎಂದು ಹೋದರು. ಅವರ ಮಾತಿನಲ್ಲಿ ನನಗಿಂತ ಹೆಚ್ಚು ಅನುಭವ ಇತ್ತು. ಹಸಿ ಮರ, ಒಂದು ಟನ್ನಿಗೆ ಕಡಿಮೆ ಇಲ್ಲ.

(ಬಿದ್ದ ಮರಕ್ಕೆ ಕಾಗದಪತ್ರ ಎಂತ ಎಂದು ಕೇಳುವವರಿದ್ದಾರೆ. ಸಿಲ್ವರ್ ಓಕ್ ಆದರೆ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಉಂಟು, ಬೀಟೆಯಾದರೆ ಅದರ ಹತ್ತಿರ ನಿಂತು ಕೆಮ್ಮುವುದಕ್ಕೂ ಹೆದರಬೇಕು. ಹಲಸಿನ ಕತೆ ಇನ್ನೊಂದು ಪ್ರಬಂಧಕ್ಕಿರಲಿ.)

ದೊಡ್ಡತ್ತೆ ಆನೆ ತರಿಸಿ ಎಂದರು. ಹಾಸ್ಯಕ್ಕಲ್ಲ. ಅವರ ತವರು ಸಕ್ರೆಬೈಲಿನ ಕಡೆ. ಅಲ್ಲಿನ ಬಿಡಾರದ ಆನೆಗಳು ಈಗ ಪ್ರವಾಸಿಗರ ಎದುರು ತುಂಗೆಯ ಹಿನ್ನೀರಲ್ಲಿ ಸ್ನಾನ ಮಾಡಿಸಿಕೊಳ್ಳುತ್ತವೆ. ಒಂದು ಕಾಲಕ್ಕೆ ಅರಣ್ಯ ಇಲಾಖೆಯ ನಾಟಾ ಎಳೆದವು ಅವೇ. ಆನೆ ಸರಪಳಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯುತ್ತದೆ, ದಿಮ್ಮಿ ಕಲ್ಲಿಗೆ ಸಿಕ್ಕಿದರೆ ನಿಂತು ಹಿಂದೆ ನೋಡುತ್ತದೆ, ಸೊಂಡಿಲಲ್ಲಿ ಸರಿಸುತ್ತದೆ. ಯಾವ ಯಂತ್ರವೂ ಹಿಂದೆ ತಿರುಗಿ ನೋಡುವುದಿಲ್ಲ ಎಂಬುದು ಅತ್ತೆಯ ವಾದ. ವಾದ ಸರಿ, ಆನೆ ಇಲ್ಲ.

ಹೆಂಡತಿ ಹೇಳಿದ್ದು ಜೆಸಿಬಿ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟರೆ ಮಧ್ಯಾಹ್ನದೊಳಗೆ ಮುಗಿಯುತ್ತೆ. ಇದು ನೂರಕ್ಕೆ ನೂರು ಸರಿಯಾದ ಸಲಹೆಯಾಗಿದ್ದರಿಂದ ನಾನು ಅದರಲ್ಲಿ ತಪ್ಪು ಹುಡುಕಲು ಎರಡು ದಿನ ತೆಗೆದುಕೊಂಡೆ. ಹಳ್ಳಕ್ಕಿಳಿಯಲು ದಾರಿ ಕಡಿಯಬೇಕು, ದರೆ ಜರಿಯುತ್ತದೆ, ಮುಂದಿನ ಮಳೆಗೆ ಆ ಮಣ್ಣೆಲ್ಲ ಗದ್ದೆಗೆ ಬರುತ್ತದೆ ಎಂದೆ. ಅದೂ ನಿಜವೇ. ಆದರೆ ಒಳಗಿನ ನಿಜ ಬೇರೆ. ನನಗೆ ಹತ್ತು ವರ್ಷದಿಂದ ಒಂದು ಟ್ರ್ಯಾಕ್ಟರಿನ ಆಸೆ. ಗೊಬ್ಬರ ಹೊರಲು, ಬೆಟ್ಟದಿಂದ ಸೊಪ್ಪು ತರಲು ಬಾಡಿಗೆ ಟಿಲ್ಲರ್ ಸಾಕಾಗುತ್ತಿತ್ತು, ಕಾರಣ ಸಿಕ್ಕಿರಲಿಲ್ಲ. ಈಗ ಕಾರಣ ತಾನಾಗಿ ಬಂದು ಹಳ್ಳದಲ್ಲಿ ಬಿದ್ದಿತ್ತು.

ಹೊಸದು ಕೊಳ್ಳುವ ಶಕ್ತಿ ಇಲ್ಲ. ಹಳೆಯದು ನೋಡಬೇಕು. ನೋಡುವುದು ಅಂದರೆ ಏನು ಎಂಬುದೇ ಒಂದು ವಿದ್ಯೆ. ನನ್ನ ಅಪ್ಪಯ್ಯ ಎತ್ತು ಕೊಳ್ಳುತ್ತಿದ್ದುದು ನೆನಪಿದೆ. ಮೊದಲು ದೂರದಲ್ಲಿ ನಿಂತು ನಡೆಸಿ ನೋಡುವುದು. ಆಮೇಲೆ ಬಾಯಿ ಬಿಡಿಸಿ ಹಲ್ಲು ನೋಡುವುದು. ಎರಡು ಹಲ್ಲು, ನಾಲ್ಕು ಹಲ್ಲು, ಎಂಟಾದರೆ ಬಾಯಿ ಕೂಡಿತು ಅಂತ ಲೆಕ್ಕ. ಕೊನೆಗೆ ಮೈಮೇಲಿನ ಸುಳಿ. ಯಾವ ಸುಳಿ ಮನೆಗೆ ಒಳ್ಳೆಯದು, ಯಾವುದು ಯಜಮಾನನನ್ನು ತಿನ್ನುತ್ತದೆ ಎಂದು ದಲ್ಲಾಳಿ ಹೇಳುತ್ತಿದ್ದ. ಅವನು ಮಾರುವ ಎತ್ತಿಗೆ ಕೆಟ್ಟ ಸುಳಿ ಇದ್ದದ್ದನ್ನು ಯಾರೂ ಕಂಡಿಲ್ಲ. ಬೆಲೆ ಮಾತಾಡುವುದು ಟವೆಲಿನ ಒಳಗೆ, ಬೆರಳು ಹಿಡಿದು. ಇಬ್ಬರ ಮುಖದಲ್ಲೂ ಏನೂ ಕಾಣದು, ಟವೆಲಿನೊಳಗೆ ಮಹಾಯುದ್ಧ.

ಟ್ರ್ಯಾಕ್ಟರಿನ ಹಲ್ಲು ನೋಡಲು ನಾನು ಪೇಟೆಯ ಗ್ಯಾರೇಜಿನ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಮಾತು ಕಡಿಮೆ ಮನುಷ್ಯ. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಓದಿಕೊಂಡಿದ್ದೆನಲ್ಲ: ಇಂಡಿಯಾದಲ್ಲಿ ತಯಾರಾದ ಮೊದಲ ಟ್ರ್ಯಾಕ್ಟರ್ ಫರೀದಾಬಾದಿನಿಂದ ಹೊರಬಂದದ್ದು 1959ರ ಏಪ್ರಿಲ್ 24ಕ್ಕೆ, ಐಷರ್. ನಮ್ಮ ಬೆಂಗಳೂರಿನ ಎಚ್‌ಎಂಟಿ 1971ರಲ್ಲಿ ಜೆಕೊಸ್ಲೊವಾಕಿಯಾದ ಝೀಟರ್ ತಂತ್ರಜ್ಞಾನ ತಂದು ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡಿತು, ಕೈಗಡಿಯಾರ ಮಾಡಿದ ಕಂಪನಿಯೇ. ಎಡ್ಮಂಡ್ ಹಿಲರಿ ಗಾಲಿಗಳಿಗೆ ಪಟ್ಟಿ ಸುತ್ತಿದ ಮೂರು ಪುಟ್ಟ ಫರ್ಗ್ಯೂಸನ್ ಟ್ರ್ಯಾಕ್ಟರುಗಳಲ್ಲಿ 1958ರ ಜನವರಿ 4ಕ್ಕೆ ದಕ್ಷಿಣ ಧ್ರುವ ಮುಟ್ಟಿದ. ಮೇಸ್ತ್ರಿ ಎಲ್ಲ ಕೇಳಿ, "ಧ್ರುವದಲ್ಲಿ ಕೆಸರು ಇಲ್ಲ" ಎಂದ.

ಮೊದಲನೆಯದು ಶಿವಮೊಗ್ಗದ ಒಂದು ಶೆಡ್ಡಿನಲ್ಲಿ ನಿಂತಿತ್ತು. ಮದುವೆ ಗಂಡಿನ ಹಾಗೆ ಹೊಳೆಯುತ್ತಿತ್ತು. ಹೊಸ ಬಣ್ಣ, ಹೊಸ ಸ್ಟಿಕ್ಕರ್, ಸೀಟಿಗೆ ಹೊಸ ರೆಕ್ಸಿನ್. ನನಗೆ ಮನಸ್ಸು ಕೂತೇಬಿಟ್ಟಿತು. ಮೇಸ್ತ್ರಿ ಬಾನೆಟ್ ಕಡೆ ನೋಡಲೇ ಇಲ್ಲ. ಮುಂದಿನ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಗ್ರೀಸ್ ನಿಪ್ಪಲನ್ನು ಉಗುರಿನಿಂದ ಕೆರೆದ. ನಿಪ್ಪಲಿನ ಬಾಯಿಗೂ ಬಣ್ಣ ಬಳಿದಿದ್ದರು.

"ಬಣ್ಣ ಒಡೆದಿಲ್ಲ. ಬಣ್ಣ ಹಚ್ಚಿದ ಮೇಲೆ ಇಲ್ಲಿಗೆ ಗ್ರೀಸ್ ಹೋಗಿಲ್ಲ. ಹಚ್ಚೋದಕ್ಕೆ ಮುಂಚೆಯೂ ಹೋಗಿರಲಿಕ್ಕಿಲ್ಲ."

ಅಷ್ಟೆ. ಎದ್ದು ಕೈ ಒರೆಸಿಕೊಂಡ. ರಬ್ಬರ್ ಹೋಸಿಗೂ, ಬೋಲ್ಟಿನ ತಲೆಗೂ ಬಣ್ಣ ಬಿದ್ದಿದ್ದು ನನಗೆ ಆಮೇಲೆ ಕಂಡಿತು. ಸುಳಿ ಮುಚ್ಚಿದ್ದಾರೆ ಎಂದುಕೊಂಡೆ.

ಎರಡನೆಯದು ಭದ್ರಾ ಅಚ್ಚುಕಟ್ಟಿನ ಕಡೆಯದು. ಗದ್ದೆ ಕೆಸರಲ್ಲಿ ಕೇಜ್ ವೀಲ್ ಹಾಕಿ ದುಡಿದ ಗಾಡಿ. ಟ್ರ್ಯಾಕ್ಟರಿನ ವಯಸ್ಸು ಕಿಲೋಮೀಟರಿನಲ್ಲಿ ಅಲ್ಲ, ಗಂಟೆಯಲ್ಲಿ. ಇದರ ಮೀಟರು 2,100 ಗಂಟೆ ತೋರಿಸುತ್ತಿತ್ತು. ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕನ್ನಡಿಯ ಹಾಗಾಗಿತ್ತು. ಮೇಸ್ತ್ರಿ ಮೀಟರಿಗೆ ಹೋಗುವ ಕೇಬಲನ್ನು ಎತ್ತಿ ತೋರಿಸಿದ. ಅದು ಎಲ್ಲಿಗೂ ಹೋಗುತ್ತಿರಲಿಲ್ಲ. ಕಾಲಕ್ಕೆ ತಡೆ ಹಾಕಿದ ಋಷಿಗಳ ಕತೆ ಕೇಳಿದ್ದೆ, ದಾವಣಗೆರೆ ಜಿಲ್ಲೆಯಲ್ಲಿ ಪ್ರತ್ಯಕ್ಷ ಕಂಡೆ.

ಅಲ್ಲಿಯೇ ನಾನು ಅಂಗೈ ಪರೀಕ್ಷೆ ಕಲಿತದ್ದು. ಮೇಸ್ತ್ರಿ ಹೋದ ಕೂಡಲೇ ಇಂಜಿನ್ನಿನ ಬ್ಲಾಕಿನ ಮೇಲೆ ಅಂಗೈ ಇಟ್ಟ, ಜ್ವರ ನೋಡುವ ಹಾಗೆ. ಬೆಚ್ಚಗಿತ್ತು. "ಈಗಷ್ಟೆ ಆಚೆಯಿಂದ ಈಚೆ ನಿಲ್ಲಿಸಿದೆ" ಎಂದರು ಯಜಮಾನರು. ಹಳೇ ಡೀಸೆಲ್ ಇಂಜಿನ್ನು ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಸಲಕ್ಕೆ ಎದ್ದರೆ ಅದರ ಆರೋಗ್ಯ ಸರಿ. ಏಳದಿದ್ದರೆ ಗಿರಾಕಿ ಬರುವ ಮೊದಲೇ ತಳ್ಳಿ, ಬೇಡಿಕೊಂಡು, ಬಿಸಿ ಮಾಡಿ ಇಡುತ್ತಾರೆ. "ತಣಿಯಲಿ" ಎಂದು ಮೇಸ್ತ್ರಿ ಜಗಲಿಯ ಮೇಲೆ ಕೂತ. ತಣಿಯುವಷ್ಟರಲ್ಲಿ ಊಟದ ಹೊತ್ತಾಯಿತು. ಯಜಮಾನರ ಮನೆಯಲ್ಲಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಗಟ್ಟಿ ಮೊಸರು. ಉಪ್ಪು ತಿಂದ ಮನೆಯ ಟ್ರ್ಯಾಕ್ಟರಿಗೆ ಹೇಗೆ ಹೆಸರಿಡುವುದು? ನಾನು ಕೊಳ್ಳಲು ಮುಕ್ಕಾಲು ಪಾಲು ಸಿದ್ಧನಾಗಿದ್ದೆ. ಎರಡು ಗಂಟೆಯ ಮೇಲೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ತೆಂಗಿನ ಮರದೆತ್ತರಕ್ಕೆ ಹೋಯಿತು. ಕಪ್ಪು ಹೊಗೆಯಾದರೆ ಏರ್ ಫಿಲ್ಟರೋ ನಾಝಲ್ಲೋ ಇರಬಹುದು, ಬಿಳಿಯಾದರೆ ಸುಡದ ಡೀಸೆಲ್ಲೋ ನೀರೋ. ನೀಲಿ ಅಂದರೆ ಆಯಿಲ್ ಕುಡಿಯುತ್ತಿದೆ. ಆಯಿಲ್ ಮುಚ್ಚಳ ತೆಗೆದರೆ ಅಲ್ಲಿಂದಲೂ ಉಸಿರು. ಮೇಸ್ತ್ರಿ ಮೊಸರು ಎರಡು ಸಲ ಹಾಕಿಸಿಕೊಂಡವನು, ಆದರೂ ಕಣ್ಣು ಮಿಟುಕಿಸದೆ "ಬೇಡ" ಎಂದ. ಅಂಥ ನಿಷ್ಠುರತೆ ನನಗೆ ಈ ಜನ್ಮಕ್ಕಿಲ್ಲ.

ಮೂರನೆಯದು ತೀರ್ಥಹಳ್ಳಿ ಕಡೆಯ ಒಬ್ಬ ಹಿರಿಯ ಗೌಡರದು. ಕಂಪನಿಯ ಹೆಸರು ಹೇಳುವುದಿಲ್ಲ. ಬಣ್ಣವನ್ನೂ ಹೇಳುವುದಿಲ್ಲ, ಟ್ರ್ಯಾಕ್ಟರಿನ ಲೋಕದಲ್ಲಿ ಬಣ್ಣ ಹೇಳಿದರೆ ಹೆಸರು ಹೇಳಿದ ಹಾಗೆಯೇ. ಅಲ್ಲದೆ ಬಣ್ಣ ಎಂದು ಹೇಳುವಂಥದ್ದು ಹೆಚ್ಚು ಉಳಿದಿರಲೂ ಇಲ್ಲ. ಬಿಸಿಲಿಗೆ ಮಾಸಿ, ಮಡ್‌ಗಾರ್ಡಿನ ತುದಿ ತುಕ್ಕು ಹಿಡಿದು, ಕೊಟ್ಟಿಗೆಯ ಮಾಡಿನಡಿ ನಿಂತಿತ್ತು. ಪಕ್ಕದಲ್ಲೊಂದು ಹಸು ಮೆಲುಕು ಹಾಕುತ್ತಿತ್ತು. ನನಗೆ ಹಸುವೇ ಹೆಚ್ಚು ಹಿಡಿಸಿತು.

ಈ ಸಲ ಅಂಗೈ ನಾನೇ ಇಟ್ಟೆ. ತಣ್ಣಗೆ, ಕಲ್ಲಿನ ಹಾಗೆ. ಗೌಡರು ನನ್ನ ಕೈಯನ್ನೇ ನೋಡುತ್ತಿದ್ದರು, ಏನೂ ಹೇಳಲಿಲ್ಲ. ಕೀಲಿ ತಿರುಗಿಸಿದರೆ ಎರಡು ಸಲ ಕೆಮ್ಮಿ ಎದ್ದಿತು. ಮೇಸ್ತ್ರಿ ನೆಲದ ಮೇಲೆ ಮಲಗಿ ಅಡಿ ನೋಡಿದ, ಸ್ಟೀರಿಂಗ್ ಆಡಿಸಿದ, ಮುಂದಿನ ಗಾಲಿ ಅಲುಗಿಸಿದ. ಹಿಂದಿನ ಕೈಗಳಿಗೆ ಕಲ್ಲು ತುಂಬಿದ ಮೂಟೆ ಕಟ್ಟಿ ಎತ್ತಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಇಳಿಯುತ್ತದೋ ಎಂದು ಬೀಡಿ ಮುಗಿಯುವವರೆಗೆ ಕಾದ. ರೇಡಿಯೇಟರಿನ ನೀರಲ್ಲಿ ಎಣ್ಣೆಯ ಪೊರೆ ಇದೆಯೋ, ಆಯಿಲಿಗೆ ನೀರು ಸೇರಿ ಹಾಲಿನ ಬಣ್ಣಕ್ಕೆ ತಿರುಗಿದೆಯೋ ನೋಡಿದ. ಗ್ರೀಸ್ ನಿಪ್ಪಲುಗಳು ಒದ್ದೆಯಾಗಿದ್ದವು, ಸುತ್ತ ಹಳೇ ಗ್ರೀಸಿಗೆ ಧೂಳು ಹಿಡಿದು ಕರೀ ಉಂಡೆ ಕಟ್ಟಿತ್ತು. ಮೇಸ್ತ್ರಿ ಆ ಉಂಡೆ ನೋಡಿ ನಕ್ಕ. ಅವನು ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದ್ದು.

ಕಾಫಿಗೆ ಒಳಗೆ ಕರೆದರು. ಗೋಡೆಯ ಒಂದೇ ಮೊಳೆಗೆ ಹತ್ತು ಹನ್ನೆರಡು ವರ್ಷದ ಕ್ಯಾಲೆಂಡರುಗಳು, ಒಂದರ ಮೇಲೊಂದು. ಹೊಸದನ್ನು ಹಳೆಯದರ ಮೇಲೆ ತೂಗು ಹಾಕಿದ್ದೇ ವಿನಾ ಯಾವುದನ್ನೂ ತೆಗೆದಿಲ್ಲ. ಸುಮ್ಮನೆ ಮಗುಚಿದೆ. ತಾರೀಕುಗಳ ಚೌಕದಲ್ಲಿ ನೀಲಿ ಪೆನ್ನಿನ ಸಣ್ಣ ಅಕ್ಷರ: "ಆಯಿಲ್ ಬದಲು." "ಗೌರಿ ಗಬ್ಬ." "ಡೀಸೆಲ್ ಫಿಲ್ಟರ್." "ಬೋರ್ಡೋ ಎರಡನೇ ಸಲ." "ಎಡ ಬ್ರೇಕ್." "ಉಪನಯನ" ಎಂದು ಬರೆದು ಹೊಡೆದುಹಾಕಿ ಮುಂದಿನ ವಾರಕ್ಕೆ ಸರಿಸಿದ್ದು, ಯಾರದೋ ಮನೆಯ ಆಮಂತ್ರಣ ಇರಬೇಕು. ಹಸು, ತೋಟ, ಟ್ರ್ಯಾಕ್ಟರ್, ನೆಂಟರಿಷ್ಟರು ಎಲ್ಲ ಒಂದೇ ಪಂಕ್ತಿಯಲ್ಲಿ ಕೂತಿದ್ದರು. ನಾನು ಕೊಂಡದ್ದು ಆ ಗೋಡೆಯನ್ನು ನೋಡಿ. ಇಂಜಿನ್ನಿನ ಹೊಟ್ಟೆಯೊಳಗೇನಿದೆ ಎಂಬುದು ಮೇಸ್ತ್ರಿಗೂ ಅರ್ಧವೇ ಗೊತ್ತಾಗುವುದು. ಸಾಕಿದವರ ಕೈ ಎಂಥದು ಎಂದು ತಿಳಿದರೆ ಉಳಿದರ್ಧ ತಿಳಿದ ಹಾಗೆ. ಹತ್ತು ಗಂಟೆ ಕೆಲಸ ಮಾಡಿ ಒಂದು ಗಳಿಗೆ ಗ್ರೀಸ್ ಗನ್ ಹಿಡಿಯುವ ಮನುಷ್ಯನಿಗೆ ಸುಳ್ಳು ಹೇಳಲು ಪುರುಸೊತ್ತು ಕಡಿಮೆ.

ಬೆಲೆ ಮಾತಾಡುವಾಗ ನನಗೆ ಟವೆಲಿನ ಕೊರತೆ ಕಾಡಿತು. ಮುಖಾಮುಖಿ ನಾಚಿಕೆಯಿಲ್ಲದೆ ಚೌಕಾಸಿ ಮಾಡುವುದು ಬಹಳ ಕಷ್ಟ. ಕಾಗದದ ಕೆಲಸ ಒಂದೇ ತೊಡಕು: ಬ್ಯಾಂಕಿನ ಸಾಲ ತೀರಿ ಯಾವುದೋ ಕಾಲವಾಗಿದ್ದರೂ ಆರ್‌ಸಿ ಪುಸ್ತಕದಲ್ಲಿ ಸಾಲದ ಷರಾ ಹಾಗೇ ಉಳಿದಿತ್ತು. ಅದನ್ನು ತೆಗೆಸಲು ಫಾರಂ 35, ಹೆಸರು ಬದಲಿಸಲು 29 ಮತ್ತು 30. ಹಳೇ ಗಾಡಿ ಕೊಳ್ಳುವವರು ಇಂಜಿನ್ನಿಗಿಂತ ಮೊದಲು ಆ ಪುಟ ತೆಗೆದು ನೋಡಬೇಕು. ಇಂಜಿನ್ ಕೈಕೊಟ್ಟರೆ ಮೇಸ್ತ್ರಿ ಇದ್ದಾನೆ.

ಇನ್ನು ವಿಂಚು. ಅದು ನಾಟಾ ಸಾಹೇಬರ ಶೆಡ್ಡಿನ ಮೂಲೆಯಲ್ಲಿ ಅಡಿಕೆ ಸಿಪ್ಪೆಯ ರಾಶಿಯೊಳಗೆ ಸಿಕ್ಕಿತು. ಹಳೇ ಲಾರಿಯ ಡಿಫರೆನ್ಷಿಯಲ್ಲಿಗೆ ಕಬ್ಬಿಣದ ಡ್ರಮ್ಮು ಕೂರಿಸಿ ಯಾವುದೋ ವೆಲ್ಡಿಂಗ್ ಶಾಪಿನವನು ಮಾಡಿದ್ದು. ಟ್ರ್ಯಾಕ್ಟರಿನ ಹಿಂದೆ ತಿರುಗುವ ಪಿಟಿಓ ಶಾಫ್ಟಿಗೆ ಜೋಡಿಸಿದರೆ ತಿರುಗುತ್ತದೆ. ಸಾಹೇಬರು ಕಾಟಾ ಹಾಕಿ ಗುಜರಿ ಬೆಲೆಗೆ ಕೊಟ್ಟರು. (ಇಲ್ಲಿ ಕಾಲು ಸುತ್ತಿನ ಲೆಕ್ಕ ಇರಲಿಲ್ಲ, ಕಬ್ಬಿಣಕ್ಕೆ ಸಿಪ್ಪೆ ಇಲ್ಲವಲ್ಲ.) ಜೊತೆಗೆ ಕೊಟ್ಟ ತಂತಿ ಹಗ್ಗವನ್ನು ಮೇಸ್ತ್ರಿ ಮುಟ್ಟಿಸಿಕೊಳ್ಳಲಿಲ್ಲ. ಹಳೇ ಬನಿಯನ್ನಿನ ಚೂರಿನಿಂದ ಹಗ್ಗದುದ್ದ ಸವರಿದ. ಬಟ್ಟೆ ಎಲ್ಲೆಲ್ಲಿ ಸಿಕ್ಕಿಕೊಂಡಿತೋ ಅಲ್ಲೆಲ್ಲ ಎಳೆ ಹರಿದಿದೆ ಎಂದರ್ಥ. ಹತ್ತು ಮಾರಿನಲ್ಲಿ ಬನಿಯನ್ ಚಿಂದಿಯಾಯಿತು. ಹಗ್ಗ ಹೊಸದೇ ಬೇಕು ಎಂದ. ಯಂತ್ರ ಹಳೆಯದಿರಬಹುದು, ಹಗ್ಗ ಹಳೆಯದಾದರೆ ಜೀವದ ಮಾತು. ಬಿಗಿದ ತಂತಿ ತುಂಡಾದರೆ ಹಾವಿನ ಹಾಗೆ ಹಿಂದಕ್ಕೆ ಹೊಡೆಯುತ್ತದೆ, ಕಾಲು ಕಡಿಯುವಷ್ಟು ಜೋರಾಗಿ.

ಕಾರ್ತಿಕದಲ್ಲಿ ನೆಲ ಒಣಗಿದ ಮೇಲೆ ಎಳೆಯುವ ಮುಹೂರ್ತ. ಊರಿನವರೆಲ್ಲ ಬಂದಿದ್ದರು, ದೊಡ್ಡತ್ತೆಗೆ ದರೆಯ ಮೇಲೆ ಕುರ್ಚಿ. ವಿಂಚು ಜೋಡಿಸಲು ಇನ್ನೂ ಗಂಟೆ ಹಿಡಿಯುತ್ತದೆಂದು, ಅಷ್ಟರಲ್ಲಿ ಒಂದು ಕೊಂಬೆಯನ್ನಾದರೂ ಎಳೆದು ಶೌರ್ಯ ತೋರಿಸೋಣ ಎಂದು ನಾನು ಸರಪಳಿ ತಂದು ಟ್ರ್ಯಾಕ್ಟರಿನ ಹಿಂದೆ ಸೀಟಿನ ಕೆಳಗೆ, ಎತ್ತರದಲ್ಲಿ, ಕೈಗೆ ಸುಲಭಕ್ಕೆ ಸಿಕ್ಕಿದ ಕೊಂಡಿಗೆ ಬಿಗಿದೆ. ಕಡಿಮೆ ಮಾತಿನ ಮೇಸ್ತ್ರಿ ಅವತ್ತು ಆಡಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಸಾರಾಂಶ ಇಷ್ಟು: ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿ ಎಳೆದರೆ, ದಿಮ್ಮಿ ಕದಲದಿದ್ದರೆ, ದೊಡ್ಡ ಗಾಲಿ ತಿರುಗದೆ ಟ್ರ್ಯಾಕ್ಟರೇ ಅಚ್ಚಿನ ಸುತ್ತ ತಿರುಗುತ್ತದೆ. ಮೂತಿ ಆಕಾಶಕ್ಕೆ ಏಳುತ್ತದೆ, ಕ್ಲಚ್ಚಿಗೆ ಕಾಲು ಹೋಗುವಷ್ಟರಲ್ಲಿ ಬೆನ್ನ ಮೇಲೆ ಮಗುಚಿರುತ್ತದೆ. ಕಟ್ಟುವುದಾದರೆ ಕೆಳಗಿನ ಡ್ರಾಬಾರಿಗೇ ಕಟ್ಟಬೇಕು. ನಾವು ಮೊದಲ ಟ್ರ್ಯಾಕ್ಟರ್ ಹೊರತಂದು ಸಂಭ್ರಮಪಟ್ಟ 1959ರಲ್ಲಿಯೇ ಸ್ವೀಡನ್ನಿನವರು, ಹೊಸ ಟ್ರ್ಯಾಕ್ಟರುಗಳಿಗೆ ಮಗುಚಿದರೂ ಓಡಿಸುವವನು ಉಳಿಯುವಂಥ ಗಟ್ಟಿ ಚೌಕಟ್ಟು ಇರಬೇಕೆಂದು ಕಾನೂನು ಮಾಡಿದ್ದರಂತೆ. ನಮ್ಮದರ ಮೇಲೆ ಇದ್ದದ್ದು ಬಿಸಿಲಿಗೆ ಕಟ್ಟಿದ ಒಂದು ಟಾರ್ಪಾಲು.

ಆಮೇಲೆ ನಾನು ದೊಡ್ಡತ್ತೆಯ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿಕೊಂಡು ಕೂತೆ.

ಗಾಲಿಗೆ ಕಲ್ಲು ಕೊಟ್ಟರು. ದಿಮ್ಮಿಗೆ ಕಪ್ಪಿ ಕಟ್ಟಿ, ಹಗ್ಗವನ್ನು ಅದರಲ್ಲಿ ಹಾಯಿಸಿ ತಂದು, ಹಗ್ಗದ ತುದಿಯನ್ನು ದರೆಯ ಮೇಲಿನ ಮತ್ತಿ ಮರಕ್ಕೆ ಬಿಗಿದರು. ತೊಗಟೆ ಕೊಯ್ಯದಿರಲೆಂದು ಮರಕ್ಕೆ ಹಳೇ ಟಯರಿನ ತುಂಡು ಸುತ್ತಿದರು. ಹೀಗೆ ಕಪ್ಪಿ ಹಾಕಿದರೆ ಎಳೆಯುವ ಬಲ ಹೆಚ್ಚುಕಡಿಮೆ ಇಮ್ಮಡಿ, ವೇಗ ಅರ್ಧ. ಹಗ್ಗದ ಮೇಲೆ ನಡುನಡುವೆ ಒದ್ದೆ ಗೋಣಿಚೀಲ ಹೊದಿಸಿದರು, ತುಂಡಾದರೂ ಹಾರದೆ ನೆಲಕ್ಕೆ ಬೀಳಲಿ ಅಂತ. ಡ್ರಮ್ಮಿಗೆ ಸುತ್ತು ಏರಿದಂತೆಲ್ಲ ವಿಂಚಿನ ಬಲ ಕಡಿಮೆಯಾಗುತ್ತದೆ; ಹಾಗಾಗಿ ದಿಮ್ಮಿ ಬುಡದಿಂದ ಕಿತ್ತು ಬರುವ ಮೊದಲ ಎಳೆತಕ್ಕೆ ಆದಷ್ಟು ಹಗ್ಗ ಹೊರಗೆ ಬಿಚ್ಚಿದ್ದರು. ಮಕ್ಕಳನ್ನು, ನಾಯಿಗಳನ್ನು, ಸಲಹೆಗಾರರನ್ನು ಹಗ್ಗದ ದಾರಿಯಿಂದ ಓಡಿಸಿದರು. ಸಲಹೆಗಾರರು ಕೊನೆಗೆ ಹೋದರು.

ದಿಮ್ಮಿ ಅರ್ಧ ಗಂಟೆ ಕದಲಲಿಲ್ಲ. ಆಮೇಲೆ ಒಂದು ದೊಡ್ಡ ನಿಟ್ಟುಸಿರು ಬಿಟ್ಟ ಹಾಗೆ ಕೆಸರಿನಿಂದ ಬಿಡಿಸಿಕೊಂಡು, ಗೇಣು ಗೇಣಾಗಿ, ಹಬ್ಬಕ್ಕೆ ಕರೆದರೂ ಬರಲು ಮನಸ್ಸಿಲ್ಲದ ಅಳಿಯನ ಹಾಗೆ ಮೇಲೆ ಬಂತು. ನಡುವೆ ಒಂದು ಬಂಡೆಗೆ ಸಿಕ್ಕಿ ನಿಂತಿತು. "ನೋಡಿ, ಆನೆಯಾಗಿದ್ದರೆ ಹಿಂದೆ ನೋಡ್ತಿತ್ತು" ಎಂದರು ದೊಡ್ಡತ್ತೆ. ಹಾರೆ ಹಿಡಿದು ಇಬ್ಬರು ಇಳಿದು ಸರಿಸಿದರು. ಸಂಜೆ ಐದಕ್ಕೆ ದಿಮ್ಮಿ ಅಂಗಳದಲ್ಲಿತ್ತು. ಟ್ರ್ಯಾಕ್ಟರು, ವಿಂಚು, ಹಗ್ಗ, ಮೇಸ್ತ್ರಿಯ ಸಂಬಳ ಎಲ್ಲ ಕೂಡಿಸಿದರೆ ಆ ದಾರಂದದ ಬೆಲೆಗೆ ಒಂದು ಸಣ್ಣ ಮನೆ ಕಟ್ಟಿಸಬಹುದಿತ್ತು. ಈ ಲೆಕ್ಕವನ್ನು ನಾನು ಮಾಡಿದ್ದಲ್ಲ, ಹೆಂಡತಿ ಮಾಡಿದ್ದು. ಅವಳು ಪೈ ಬಳಸಲಿಲ್ಲ.

ಮಾಘದಲ್ಲಿ ಒಂದು ದಿನ ಹೇಳದೆ ಕೇಳದೆ ಗೌಡರು ಬಂದರು. ಈ ಕಡೆ ನೆಂಟರ ಮನೆಗೆ ಬಂದಿದ್ದರಂತೆ. ನಾನು ಬನ್ನಿ ಎಂದು ಜಗಲಿಗೆ ಕರೆದರೆ ಅವರು ನೆಟ್ಟಗೆ ಕೊಟ್ಟಿಗೆಯ ಕಡೆ ನಡೆದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು.

"ಬೆಳಿಗ್ಗೆ ಕೆಲಸ ಮಾಡಿಸಿದೀರಿ."

"ಹೌದು, ಗೊಬ್ಬರ ಹೊಡೆದ್ವಿ. ಗೌಡ್ರೆ, ಎಡಗಡೆ ಬ್ರೇಕು ಸ್ವಲ್ಪ ಹಿಡಿದುಕೊಳ್ಳುತ್ತೆ. ನೀವು ಹೇಳಲೇ ಇಲ್ಲ ಮಾರಾಯ್ರೆ."

"ಗೋಡೆ ಮೇಲೆ ಬರೆದಿತ್ತಲ್ಲ. ನೀವು ಎಲ್ಲಾ ಓದ್ತಾ ನಿಂತಿದ್ರಿ. ಓದಿಯೂ ತಗೊಂಡ್ರಿ ಅಂದರೆ ಪರವಾಗಿಲ್ಲ ಅಂತ ಅಂದುಕೊಂಡೆ."

ಸೀಟಿಗೆ ಹತ್ತಿ ಕೂತರು. ಕೀಲಿ ಕೇಳಲಿಲ್ಲ. ಎಡ ಪೆಡಲನ್ನು ಎರಡು ಸಲ ಮೆಲ್ಲಗೆ ಒತ್ತಿ, ಬಿಟ್ಟು, ತಲೆ ಓರೆ ಮಾಡಿ ಸದ್ದು ಕೇಳಿದರು. ಇಳಿದು ಬಂದು ಕಾಫಿ ಕುಡಿದರು. ಅಡಿಕೆ ಧಾರಣೆ, ಮಂಗನ ಕಾಟ, ಗೌರಿಯ ಕರು ಎಲ್ಲ ಮಾತಾಡಿದರು. ಹೊರಡುವಾಗ ನನ್ನ ಹತ್ತಿರ ಪೆನ್ನು ಕೇಳಿ ಇಸಕೊಂಡು, ನಡುಮನೆಯ ಗೋಡೆಗೆ ಹೋಗಿ, ನಮ್ಮ ಕ್ಯಾಲೆಂಡರಿನ ಮುಂದಿನ ತಿಂಗಳ ಪುಟ ಮಗುಚಿ ಏನೋ ಬರೆದರು. ಅವರು ಬಸ್ಸು ಹತ್ತಿದ ಮೇಲೆ ಹೋಗಿ ನೋಡಿದೆ. ಹನ್ನೊಂದನೇ ತಾರೀಕಿನ ಚೌಕದಲ್ಲಿ "ಆಯಿಲ್" ಎಂದಿತ್ತು.